ಕಾಲಿಡದ ಮನೆಯ ಕರಾರು

ನಮ್ಮ ಪರಿಚಿತರಾದ ಗೃಹಸ್ಥರೊಬ್ಬರು ಬೆಂಗಳೂರಿನಲ್ಲಿ ಬಾಡಿಗೆಯ ಮನೆಯೊಂದನ್ನು ಗೊತ್ತುಮಾಡಿದರು. ತಿಂಗಳಿಗೆ 20,000 ರೂಪಾಯಿ ಬಾಡಿಗೆ; ಹತ್ತು ತಿಂಗಳ ಮುಂಗಡವೆಂದು 2,00,000 ರೂಪಾಯಿ. ಹನ್ನೊಂದು ತಿಂಗಳ ಕರಾರಿಗೆ ರುಜುವೂ ಆಯಿತು. ಹಾಲುಕ್ಕಿಸಲು ಒಳ್ಳೆಯ ದಿನವನ್ನು ನೋಡುತ್ತಿರುವಷ್ಟರಲ್ಲಿಯೇ ಅವರಿಗೆ ಹುಬ್ಬಳ್ಳಿಗೆ ವರ್ಗವಾಯಿತು. “ಹೊಸಿಲನ್ನೇ ದಾಟಲಿಲ್ಲ, ಬಾಡಿಗೆಯ ಮಾತೆಲ್ಲಿಯದು?” ಎಂದು ಇವರು, “ರುಜು ಹಾಕಿದಿರಿ, ಮುಂಗಡ ಹಿಂದಕ್ಕೆ ಬಾರದು” ಎಂದು ಮನೆಯ ಯಜಮಾನರು. ಮಗಳ ಓದಿಗೆಂದು ಕೂಡಿಟ್ಟ ಹಣವು ಹೀಗೆ ನಡುವೆ ಸಿಕ್ಕಿಕೊಂಡಿತು.

ಇಂತಹ ಸಂಕಟವು ಯಾವ ಸಂಸಾರಕ್ಕಾದರೂ ಬರಬಹುದಾದುದರಿಂದ ಈ ತಿಂಗಳು ಅದನ್ನೇ ವಿಚಾರಿಸೋಣ. ನಮ್ಮ ಎಣಿಕೆಯಲ್ಲಿ ಇಬ್ಬರ ಮಾತೂ ಪೂರ್ತಿಯಾಗಿ ಸರಿಯಲ್ಲ. ರುಜುವೆಂಬುದು ಕೊಟ್ಟ ಮಾತು. ಮನೆಯೊಳಗೆ ವಾಸಕ್ಕೆ ಬರಲಿಲ್ಲವೆಂಬ ಮಾತ್ರಕ್ಕೆ ಅದು ಇಲ್ಲದಂತಾಗದು. ಇವರನ್ನು ನಂಬಿ ಯಜಮಾನರು ಬೇರೆಯವರನ್ನು ಹಿಂದಕ್ಕೆ ಕಳುಹಿಸಿರುತ್ತಾರೆ. ಆ ಬಾಡಿಗೆಯೇ ಅವರ ಜೀವನಾಧಾರವಾಗಿರಲೂಬಹುದು.

ಆದರೆ ಮಾತು ತಪ್ಪಿದವರಿಂದ ಮನಬಂದಷ್ಟು ಕಿತ್ತುಕೊಳ್ಳಲು ಕಾಯಿದೆಯ ಒಪ್ಪಿಗೆಯಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 74ನೆಯ ಕಲಮಿನಂತೆ, ಕರಾರಿನಲ್ಲಿ ದಂಡದ ಮೊತ್ತವನ್ನು ಹೆಸರಿಸಿದ್ದರೂ ಅದು ಮೇಲ್ಮಿತಿ ಮಾತ್ರ. ದೊರೆಯತಕ್ಕದ್ದು ಅದರೊಳಗಿನ ಯುಕ್ತವಾದ ಪರಿಹಾರ. ಮೊದಲೇ ಕೈಸೇರಿದ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳುವುದಕ್ಕೂ ಈ ಕಲಮು ಅನ್ವಯಿಸುವುದೆಂದು 1963ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ನಷ್ಟವನ್ನು ಎಣಿಸುವಾಗ, ಅದನ್ನು ತಗ್ಗಿಸಲು ಯಾವ ಉಪಾಯಗಳಿದ್ದುವೆಂಬುದನ್ನೂ ಗಮನಿಸಬೇಕೆಂದು 73ನೆಯ ಕಲಮಿನ ವಿವರಣೆಯು ಹೇಳುತ್ತದೆ. ಬೇರೆ ಬಾಡಿಗೆದಾರರು ಬಾಗಿಲಿಗೆ ಬಂದಿದ್ದರೂ ಮನೆಯನ್ನು ಬೀಗ ಹಾಕಿಟ್ಟು ಹನ್ನೊಂದು ತಿಂಗಳ ಬಾಡಿಗೆ ಕೇಳುವುದು ನ್ಯಾಯವಾಗದು.

ಆದುದರಿಂದ ಹಿಂದೆಗೆಯಬೇಕಾದವರು ಸಂಕೋಚದಿಂದ ದಿನ ತಳ್ಳಬಾರದು. ತಿಳಿದ ದಿನವೇ ಕಾಗದ ಬರೆದು, ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಒಂದೊಂದು ದಿನ ತಡವಾದಂತೆ ಯಜಮಾನರ ನಷ್ಟ ಬೆಳೆಯುತ್ತದೆ. ಅದರೊಡನೆ ನಮ್ಮ ಹೊಣೆಯೂ ಬೆಳೆಯುತ್ತದೆ. ಸಾಧ್ಯವಾದರೆ ಬೇರೊಬ್ಬ ಬಾಡಿಗೆದಾರರನ್ನು ತಾವೇ ಹುಡುಕಿಕೊಡುವುದು ಉತ್ತಮ.

ರುಜುವಿಗೆ ಮೊದಲೇ ವಹಿಸಬಹುದಾದ ಎಚ್ಚರಿಕೆಯೂ ಉಂಟು. “ವಾಸಕ್ಕೆ ಬರುವ ಮುನ್ನ ಕರಾರು ಬಿಡುವುದಾದರೆ ಮುಂಗಡದಲ್ಲಿ ಇಷ್ಟು ಮಾತ್ರ ಮುರಿದುಕೊಳ್ಳತಕ್ಕದ್ದು” ಎಂಬ ಒಂದು ವಾಕ್ಯವನ್ನು ಬರೆಯಿಸಿಕೊಳ್ಳಬೇಕು. ಮುಂಗಡವನ್ನು ತಗ್ಗಿಸುವಂತೆಯೂ ಕೇಳಿ ನೋಡಬೇಕು. ಕೇಂದ್ರ ಸರ್ಕಾರವು 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆನ್ನುತ್ತದೆ. ರಾಜ್ಯಗಳು ಅಂಗೀಕರಿಸಿದಲ್ಲಿ ಮಾತ್ರ ಅದು ಜಾರಿಗೆ ಬರತಕ್ಕದ್ದಾದರೂ, ಮಾತುಕತೆಯಲ್ಲಿ ಉದಾಹರಿಸಲು ಯೋಗ್ಯವಾಗಿದೆ.

ನಮ್ಮ ಗೃಹಸ್ಥರು ವಾದವನ್ನು ಬಿಟ್ಟು, ತಮ್ಮ ಕಚೇರಿಯವರೊಬ್ಬರನ್ನು ಆ ಮನೆಗೆ ಗೊತ್ತುಮಾಡಿಕೊಟ್ಟರು. ಯಜಮಾನರು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಂಡು 1,80,000 ರೂಪಾಯಿಗಳನ್ನು ಹಿಂದಿರುಗಿಸಿದರು. ಮಗಳ ಓದಿನ ಹಣ ಬಹುಮಟ್ಟಿಗೆ ಉಳಿಯಿತು. ಯಜಮಾನರಿಗೂ ಮನೆ ಖಾಲಿ ಬೀಳಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿದ್ದರೆ ಇಬ್ಬರಿಗೂ ಇಷ್ಟು ಬೇಗ ನೆಮ್ಮದಿ ದೊರೆಯುತ್ತಿರಲಿಲ್ಲವೆಂದೇ ನಾವು ಭಾವಿಸುತ್ತೇವೆ.