ಅಜ್ಜನ ಕತ್ತಿ ವೇದಿಕೆ ಹತ್ತಬೇಕೇ?

ಕೆಲವು ತಿಂಗಳ ಹಿಂದೆ ಸಾಂತಾಕ್ರೂಜ್ ಪೂರ್ವದ ಒಂದು ಸಭಾಗೃಹದಲ್ಲಿ ನಮ್ಮ ಊರ ಕಡೆಯವರ ಕಾರ್ಯಕ್ರಮವಿತ್ತು. ಹುಲಿವೇಷ ಆಯಿತು, ಮಕ್ಕಳ ನೃತ್ಯ ಆಯಿತು. ಊಟಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಅಷ್ಟರಲ್ಲಿ ವೇದಿಕೆಗೆ ಥರ್ಮೋಕೋಲಿನ ತೆಂಗಿನಮರ ಬಂತು! ಇಸ್ತ್ರಿ ಮಾಡಿದ ಮುಂಡು ಉಟ್ಟ ಹುಡುಗನೊಬ್ಬ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಕಳ್ಳು ಇಳಿಸುವ ಅಭಿನಯ ಮಾಡಿದ. ಚಪ್ಪಾಳೆಯೋ ಚಪ್ಪಾಳೆ. ನನ್ನ ಪಕ್ಕದ ಹಿರಿಯರೊಬ್ಬರು ಮಾತ್ರ ಕೈಕಟ್ಟಿ ಕುಳಿತಿದ್ದರು. “ಇದನ್ನು ಬಿಟ್ಟು ಬರಲಿಕ್ಕೆ ನಮಗೆ ಎರಡು ತಲೆಮಾರು ಬೇಕಾಯ್ತು ಮಾರಾಯ್ರೆ. ಇವರು ಪುನಃ ಮರ ಹತ್ತಿಸ್ತಾರಲ್ಲ!” ಎಂದರು ತುಳುವಿನಲ್ಲಿ.

ಆ ಮಾತು ನನಗೆ ಚುಚ್ಚಿತು. ಯಾಕೆಂದರೆ ನನ್ನ ಅಜ್ಜ ಮೂರ್ತೆದಾರರು. ಬಿ.ಕಾಂ. ಮುಗಿಸಿ ಮುಂಬೈಗೆ ಬಂದ ನಾನು ಬ್ಯಾಂಕಿನ ಸಂದರ್ಶನದಲ್ಲಿ ಮನೆಯವರ ಕಸುಬೇನೆಂದು ಕೇಳಿದಾಗ “ಕೃಷಿ” ಎಂದಿದ್ದೆ. ಪೂರ್ತಿ ಸುಳ್ಳಲ್ಲ, ನಿಜವೂ ಅಲ್ಲ.

ಈ ಕಸುಬು ಸುಲಭದ್ದೆಂದು ತಿಳಿಯಬೇಡಿ. ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನವೂ ಹದವಾಗಿ ಬಡಿದು, ತುದಿಯನ್ನು ತೆಳ್ಳಗೆ ಸವರಿ ಮಡಕೆ ಕಟ್ಟಬೇಕು. ಜೋರಾಗಿ ಬಡಿದರೆ ಹೊಂಬಾಳೆ ಹಾಳು, ಮೆಲ್ಲಗಾದರೆ ರಸ ಇಳಿಯದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮರ ಹತ್ತಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರವಾದರೂ ಸರಿ. ಇಳಿದ ರಸ ಸಿಹಿ. ಕೆಲವೇ ಗಂಟೆಗಳಲ್ಲಿ ತಾನಾಗಿಯೇ ಹುಳಿಯಿಟ್ಟು ಶೇಕಡಾ 4ರ ಆಸುಪಾಸಿನ ಮದ್ಯವಾಗುತ್ತದೆ. ಮಡಕೆಗೆ ಸುಣ್ಣ ಸವರಿದರೆ ನೀರಾ, ಕಾಯಿಸಿದರೆ ಬೆಲ್ಲ. ಮಂಗಳೂರು ಕ್ರೈಸ್ತರ ಮನೆಯ ಸನ್ನ ಉಬ್ಬುತ್ತಿದ್ದುದು ಇದೇ ಕಳ್ಳಿನಿಂದ. ಕೊರಗಜ್ಜನಿಗೆ ಇಡುವುದೂ ಇದನ್ನೇ.

ಇಷ್ಟು ವಿದ್ಯೆ ಇದ್ದೂ ಮರ್ಯಾದೆ ಯಾಕೆ ಸಿಗಲಿಲ್ಲ? ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1886ರ ಅಬ್ಕಾರಿ ಕಾಯ್ದೆಯ ಕೆಳಗೆ ಪರವಾನಗಿ ಬೇಕು, ಮರದ ಲೆಕ್ಕದಲ್ಲಿ ತೆರಿಗೆ ಕಟ್ಟಬೇಕು. ಇಲ್ಲಿ ಮುಂಬೈ ಪ್ರಾಂತ್ಯದ ಭಂಡಾರಿಗಳಿಗೂ 1878ರ ಕಾಯ್ದೆಯಿಂದ ಅದೇ ಗತಿ. ಮರ ಧಣಿಯದ್ದು, ತೆರಿಗೆ ಸರಕಾರದ್ದು, ಬೀಳುವ ಅಪಾಯ ಮಾತ್ರ ಹತ್ತಿದವನದ್ದು. ಅದರ ಮೇಲೆ ಜಾತಿಯ ಅವಮಾನ ಬೇರೆ. 1912ರಲ್ಲಿ ಕುದ್ರೋಳಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಕಳ್ಳಿನ ಕಸುಬು ಬಿಡಿ, ವಿದ್ಯೆ ಹಿಡಿಯಿರಿ ಎಂದದ್ದು ಸುಮ್ಮನೆ ಅಲ್ಲ. 1948ಕ್ಕೆ ಇಡೀ ಪ್ರಾಂತ್ಯದಲ್ಲಿ ಪಾನನಿಷೇಧ ಬಂದಾಗ ಅಜ್ಜ ಕೂಲಿಗೆ ಹೋದರು. ಅಪ್ಪ ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಕೋಟೆಯ ಕನ್ನಡ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತರು. ಮರದಿಂದ ಬಿದ್ದಿದ್ದ ಅಜ್ಜ ನಾನು ಕಂಡಂತೆ ಕೋಲು ಹಿಡಿದೇ ನಡೆಯುತ್ತಿದ್ದರು.

ಹಾಗಾದರೆ ಆ ಹಿರಿಯರು ಹೇಳಿದಂತೆ ಮರೆತುಬಿಡುವುದೇ ಸರಿಯೇ? ನನಗೆ ಹಾಗನ್ನಿಸುವುದಿಲ್ಲ.

ಅಮೆರಿಕದವರನ್ನು ನೋಡಿ. ಜಾರ್ಜ್ ವಾಷಿಂಗ್ಟನ್ 1757ರ ಸುಮಾರಿಗೆ ತನ್ನ ನೋಟುಬುಕ್ಕಿನಲ್ಲಿ ಹೊಟ್ಟು, ಹಾಪ್ಸ್, ಕಾಕಂಬಿ ಹಾಕಿ ತೆಳು ಬಿಯರ್ ಮಾಡುವ ಕ್ರಮ ಬರೆದಿಟ್ಟಿದ್ದ. ಅದನ್ನು ಇವತ್ತಿಗೂ ಜೋಪಾನ ಮಾಡಿದ್ದಾರೆ. ಮೌಂಟ್ ವೆರ್ನನ್ನಿನಲ್ಲಿ ಅವನ ವಿಸ್ಕಿ ಭಟ್ಟಿ 1799ರಲ್ಲಿ ಸುಮಾರು 11,000 ಗ್ಯಾಲನ್ ಇಳಿಸಿತ್ತು. ಅದನ್ನು ಮತ್ತೆ ಕಟ್ಟಿ 2007ರಲ್ಲಿ ತೆರೆದು, ಹಳೆಯ ವಿಧಾನದಲ್ಲೇ ವಿಸ್ಕಿ ಮಾಡಿ ತೋರಿಸುತ್ತಿದ್ದಾರೆ. ಆದರೆ ವಾಷಿಂಗ್ಟನ್ನನ ಕೀರ್ತಿ ಹಾಡಿ ಮುಗಿಸುವುದಿಲ್ಲ. ಅಲ್ಲಿ ದುಡಿದ ಆರು ಗುಲಾಮರ ಹೆಸರನ್ನೂ ಹೇಳುತ್ತಾರೆ: ಹ್ಯಾನ್ಸನ್, ಪೀಟರ್, ನ್ಯಾಟ್, ಡೇನಿಯಲ್, ಜೇಮ್ಸ್, ತಿಮೋತಿ.

ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಎಂಬ ಹಳೆಯ ಪೇಟೆಯಲ್ಲಿ ಹದಿನೆಂಟನೆಯ ಶತಮಾನದ ಉಡುಪು ತೊಟ್ಟವರು ಕಮ್ಮಾರಿಕೆ ಮಾಡುತ್ತಾರೆ, ಪೀಪಾಯಿ ಕಟ್ಟುತ್ತಾರೆ. 1994ರ ಅಕ್ಟೋಬರಿನಲ್ಲಿ ಅಲ್ಲಿ ಗುಲಾಮರ ಹರಾಜನ್ನೇ ಅಭಿನಯಿಸಿ ತೋರಿಸಿದರು. ಕರಿಯ ಸಮುದಾಯದ ಮುಖಂಡರೇ ನಮ್ಮ ನೋವನ್ನು ತಮಾಷೆ ಮಾಡಬೇಡಿ ಎಂದು ಪ್ರತಿಭಟಿಸಿದರು, ನಮ್ಮ ಹಿರಿಯರ ಹಾಗೆಯೇ. ಪ್ರತಿಭಟಿಸಲು ಬಂದವರಲ್ಲಿ ಒಬ್ಬರು ಪ್ರದರ್ಶನ ನೋಡಿದ ಮೇಲೆ ಅಭಿಪ್ರಾಯ ಬದಲಿಸಿಕೊಂಡರು. ಯಾಕೆಂದರೆ ಅಲ್ಲಿ ನೋವನ್ನು ಮುಚ್ಚಿರಲಿಲ್ಲ.

ನಮ್ಮಲ್ಲಿ? ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಉಳಿಸಿದರು, ದೊಡ್ಡ ಕೆಲಸ. ಪಿಲಿಕುಳದಲ್ಲಿ ಗುತ್ತಿನ ಮನೆ ಇದೆ. ಆದರೆ ಗುತ್ತಿನ ಮರ ಹತ್ತಿದವನ ಮುಳಿಹುಲ್ಲಿನ ಗುಡಿಸಲು ನನ್ನ ಕಣ್ಣಿಗೆ ಎಲ್ಲಿಯೂ ಬಿದ್ದಿಲ್ಲ. ಬೆಂಗಳೂರಿನಲ್ಲಿ ಗಾಜಿನ ಹಿಂದೆ ಬಿಯರ್ ಮಾಡಿದರೆ ಅದು ಕಲೆ. ಅಜ್ಜ ಮಾಡಿದರೆ ಹೆಂಡ. ಇದು ಯಾವ ನ್ಯಾಯ, ನೀವೇ ಹೇಳಿ.

ಗುರುಗಳು ಬಿಡಿ ಎಂದದ್ದು ಕಳ್ಳನ್ನು, ಅಜ್ಜನನ್ನಲ್ಲ. ತೋರಿಸುವುದು ಬೇರೆ, ಮಾರುವುದು ಬೇರೆ. ಆದರೆ ತೋರಿಸುವುದಾದರೆ ಪೂರ್ತಿ ತೋರಿಸಿ. ಕಾಲಿನ ತಳೆ ಇರಲಿ, ಮರದ ತೆರಿಗೆಯ ಲೆಕ್ಕವೂ ಇರಲಿ. ಸನ್ನದ ಪರಿಮಳ ಇರಲಿ, ಕುಡಿದು ಹಾಳಾದ ಮನೆಗಳ ಮಾತೂ ಬರಲಿ. ಥರ್ಮೋಕೋಲಿನ ಮರದಿಂದ ಯಾರೂ ಬೀಳುವುದಿಲ್ಲ, ಅದೇ ಅದರ ದೋಷ.

ಅಜ್ಜನ ಕತ್ತಿ ಊರ ಮನೆಯ ಅಟ್ಟದಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿದೆ. ಈ ಮೇ ತಿಂಗಳಲ್ಲಿ ಹೋದಾಗ ತಂದು ಆ ಹುಡುಗರಿಗೆ ಕೊಡುತ್ತೇನೆ. ಒಂದೇ ಶರತ್ತು: ಪಕ್ಕದಲ್ಲಿ ಅಜ್ಜನ ಹೆಸರು ಬರೆಯಬೇಕು, ಅವರು ಬಿದ್ದದ್ದನ್ನೂ ಬರೆಯಬೇಕು. ಜಾಗ ಉಳಿದರೆ, “ಕೃಷಿ” ಎಂದ ಮೊಮ್ಮಗನ ಬಗ್ಗೆಯೂ ಒಂದು ಸಾಲು ಇರಲಿ.