ಯಾರನ್ನು ಕಾಪಾಡಿತು ಈ ‘ಸೇವ್’?

ಬೇಸ್‌ಬಾಲ್‌ನಲ್ಲಿ ‘ಸೇವ್’ ಅಂತ ಒಂದು ಲೆಕ್ಕ ಇದೆ. ಆಟ ಶುರುಮಾಡಿದ ಪಿಚರ್ ದಣಿದ ಮೇಲೆ ಚೆಂಡೆಸೆಯಲು ಬರುವವನು ರಿಲೀಫ್ ಪಿಚರ್. ಅವರಲ್ಲಿ ಕೊನೆಯ ಇನಿಂಗ್ಸ್‌ಗೆಂದೇ ಮೀಸಲಾದವನು ಕ್ಲೋಸರ್. ತಂಡಕ್ಕೆ ಸಣ್ಣ ಮುನ್ನಡೆ, ಸಾಮಾನ್ಯವಾಗಿ ಮೂರು ರನ್‌ನೊಳಗೆ, ಇರುವಾಗ ಬಂದು ಅದನ್ನು ಕೈಬಿಡದೆ ಆಟ ಮುಗಿಸಿದರೆ ಅವನ ಖಾತೆಗೆ ಒಂದು ಸೇವ್. ಶಿಕಾಗೋದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ ರೂಪಿಸಿದ ಈ ಲೆಕ್ಕ 1969ರಲ್ಲಿ ಅಧಿಕೃತವಾಯಿತು. ರಿಲೀಫ್ ಪಿಚರ್‌ಗಳ ದುಡಿಮೆ ಹಳೆಯ ಅಂಕಿಗಳಲ್ಲಿ ಸರಿಯಾಗಿ ಕಾಣುತ್ತಿಲ್ಲ ಅನ್ನೋದು ಅವರ ಕಳಕಳಿ. ಉದ್ದೇಶ ಒಳ್ಳೆಯದೇ. ಆದರೆ ಅಳೆಯೋಕೆ ತಂದ ಕೋಲೇ ಈಗ ಯಜಮಾನನಾಗಿ ಕೂತಿದೆ.

ಜ್ಯಾಕ್ ಬ್ರಿಟನ್‌ನ ವೃತ್ತಿಬದುಕನ್ನೇ ನೋಡಿ. 2006ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡ ಹೈಸ್ಕೂಲಿನಿಂದಲೇ ಆರಿಸಿಕೊಂಡ ಎಡಗೈ ಹುಡುಗ. ಕೆಳಹಂತದ ಲೀಗಿನಲ್ಲಿ ‘ಕಟರ್’ ಎಸೆತ ಕಲಿಯಲು ಹೋದ. ಚೆಂಡು ಇನ್ನೊಂದು ಕಡೆಗೆ ತಿರುಗಿ ಕೆಳಕ್ಕಿಳಿಯಿತು. ಹಾಗೆ ಅಕಸ್ಮಾತ್ತಾಗಿ ಸಿಕ್ಕ ‘ಸಿಂಕರ್’ ಅವನಿಗೆ ಅನ್ನ ಕೊಟ್ಟಿತು. 2011ರಲ್ಲಿ ಆಟ ಶುರುಮಾಡುವ ಪಿಚರ್ ಆಗಿಯೇ ಮೇಜರ್ ಲೀಗಿಗೆ ಬಂದ, ನೆಲೆ ಸಿಗಲಿಲ್ಲ. 2014ರಲ್ಲಿ ರಿಲೀಫ್‌ಗೆ ಹೋದ ಮೇಲೆ ಹಿಡಿಯೋರೇ ಇಲ್ಲ. 2016ರಲ್ಲಿ 67 ಇನಿಂಗ್ಸ್ ಎಸೆದ. ಫೀಲ್ಡರ್‌ಗಳ ತಪ್ಪಿನದು ಬಿಟ್ಟರೆ ಅವನ ಲೆಕ್ಕಕ್ಕೆ ಬಿದ್ದ ರನ್ ಬರೀ 4. ಸೇವ್ ಅವಕಾಶ 47, ಸೇವ್ 47.

ಆ ವರ್ಷದ ಅಕ್ಟೋಬರ್ 4. ಟೊರಾಂಟೊದಲ್ಲಿ ಬ್ಲೂ ಜೇಸ್ ಎದುರು ಒಂದೇ ಪಂದ್ಯ, ಸೋತವರು ಮನೆಗೆ. 2-2 ಸಮಬಲದಲ್ಲಿ ಆಟ ಹನ್ನೊಂದನೇ ಇನಿಂಗ್ಸ್‌ಗೆ ಎಳೆಯಿತು. ಬ್ರಿಟನ್ ವಾರ್ಮಪ್ ಮಾಡಿಕೊಂಡು ಕಾಯುತ್ತಲೇ ಇದ್ದ. ಮ್ಯಾನೇಜರ್ ಬಕ್ ಶೋವಾಲ್ಟರ್ ಕರೆದದ್ದು ಉಬಾಲ್ಡೊ ಹಿಮೆನೆಸ್‌ನನ್ನು. ಎರಡು ಹಿಟ್, ಹಿಂದೆಯೇ ಎಡ್ವಿನ್ ಎನ್ಕಾರ್ನಾಸಿಯೋನ್‌ನ ಮೂರು ರನ್‌ಗಳ ಹೋಮ್ ರನ್. 5-2. ಮುಗೀತು ಕಥೆ. ತಂಡದ ಅತ್ಯುತ್ತಮ ತೋಳು ಒಂದು ಚೆಂಡನ್ನೂ ಎಸೆಯಲಿಲ್ಲ.

ಯಾಕೆ? ಮುನ್ನಡೆ ಇರಲಿಲ್ಲವಲ್ಲ! ಎದುರಾಳಿಯ ಮೈದಾನದಲ್ಲಿ ಆಟ ಸಮವಾಗಿದ್ದರೆ, ಮುನ್ನಡೆ ಸಿಗೋವರೆಗೂ ಕ್ಲೋಸರ್‌ನನ್ನು ತೆಗೆದಿಟ್ಟುಕೊಳ್ಳಬೇಕು ಅನ್ನೋದು ಸಂಪ್ರದಾಯ. ಮನೆಗೆ ಬೆಂಕಿ ಬಿದ್ದಾಗ ನಾಳೆಗೆ ಬೇಕಾದೀತು ಅಂತ ಯಾರಾದರೂ ಬಾವಿ ನೀರು ಉಳಿಸ್ತಾರಾ? ಶೋವಾಲ್ಟರ್ ದಡ್ಡರಲ್ಲ, ನಾಲ್ಕು ಸಲ ವರ್ಷದ ಮ್ಯಾನೇಜರ್ ಪ್ರಶಸ್ತಿ ಪಡೆದವರು. ಅಂಥವರ ಕೈಯನ್ನೂ ಕಟ್ಟಿಹಾಕಿದೆ ಅಂದರೆ ಈ ರೂಢಿ ಎಷ್ಟು ಆಳಕ್ಕಿಳಿದಿದೆ ನೋಡಿ. ಅದೇ ತಿಂಗಳು ಕ್ಲೀವ್‌ಲ್ಯಾಂಡ್‌ನ ಟೆರ್ರಿ ಫ್ರಾಂಕೋನಾ ತಮ್ಮ ಆಂಡ್ರ್ಯೂ ಮಿಲ್ಲರ್‌ನನ್ನು ಐದನೇ ಇನಿಂಗ್ಸ್‌ಗೂ ಇಳಿಸಿದರು, ಏಳನೆಯದಕ್ಕೂ ಇಳಿಸಿದರು. ಲೀಗ್ ಚಾಂಪಿಯನ್‌ಶಿಪ್ ಸರಣಿಯಲ್ಲಿ ಅದೇ ಬ್ಲೂ ಜೇಸ್ ಅವರೆದುರು ಸೋತಿತು, ಸರಣಿಶ್ರೇಷ್ಠ ಮಿಲ್ಲರ್!

“ಪಿಚರ್‌ಗೂ ಗೊತ್ತಾದ ಹೊತ್ತು ಅಂತ ಬೇಡವಾ? ಯಾವಾಗ ಬೇಕಾದರೂ ಕರೆದರೆ ತೋಳು ಉಳಿಯುತ್ತಾ?” ಅಂತ ಕೇಳುವವರಿದ್ದಾರೆ. ನ್ಯಾಯವಾದ ಮಾತು. ಆದರೆ ಉಳಿದ ರಿಲೀಫ್ ಪಿಚರ್‌ಗಳೆಲ್ಲ ಅದನ್ನೇ ತಾನೆ ಮಾಡ್ತಿರೋದು? ಆರನೇ ಇನಿಂಗ್ಸ್‌ನಲ್ಲಿ, ಮೂರು ಬೇಸ್‌ಗಳೂ ತುಂಬಿರುವಾಗ ಓಡಿ ಬರುವವನಿಗೂ ತೋಳೇ ಇರೋದು.

ಅವನಿಗೆ ಸಿಗುವ ಕೂಲಿ? ಯಾಂಕೀಸ್‌ನ ಡೆಲಿನ್ ಬೆಟಾನ್ಸೆಸ್ 2014, 2015, 2016 ಮೂರೂ ವರ್ಷ ಆಲ್‌ಸ್ಟಾರ್. ಹೆಚ್ಚಾಗಿ ಎಸೆದದ್ದು ಕ್ಲೋಸರ್‌ಗೆ ಮುಂಚಿನ ಇನಿಂಗ್ಸ್‌ಗಳಲ್ಲಿ. 2017ರಲ್ಲಿ ಅವನ ಸಂಬಳದ ತಗಾದೆ ಮಧ್ಯಸ್ಥಗಾರರ ಮುಂದೆ ಹೋಯಿತು. ಕೇಳಿದ್ದು 50 ಲಕ್ಷ ಡಾಲರ್, ಸಿಕ್ಕಿದ್ದು ತಂಡ ಹೇಳಿದ 30 ಲಕ್ಷ. ತೀರ್ಪು ಬಂದ ಮೇಲೆ ತಂಡದ ಅಧ್ಯಕ್ಷ ರ‍್ಯಾಂಡಿ ಲೆವಿನ್, ಕ್ಲೋಸರ್ ಅಲ್ಲದವನು ಕ್ಲೋಸರ್ ದರ ಕೇಳುತ್ತಿದ್ದಾನೆ ಎಂಬರ್ಥದಲ್ಲಿ ಬಹಿರಂಗವಾಗಿಯೇ ಹಂಗಿಸಿದರು. ಅಲ್ಲ ಸ್ವಾಮಿ, ಯಾವ ಇನಿಂಗ್ಸ್‌ಗೆ ಕಳಿಸಬೇಕು ಅಂತ ತೀರ್ಮಾನಿಸಿದ್ದು ಯಾರು? ನೀವೇ ಎಂಟನೇ ಇನಿಂಗ್ಸ್‌ಗೆ ಕಳಿಸಿ, ಒಂಬತ್ತನೆಯದರಲ್ಲಿ ಯಾಕಿರಲಿಲ್ಲ ಅಂತ ಸಂಬಳ ಕತ್ತರಿಸಿದರೆ ಅದಕ್ಕೆ ಏನನ್ನಬೇಕು?

ಲಕ್ಷಗಟ್ಟಲೆ ಡಾಲರ್ ಎಣಿಸುವವರ ಬಗ್ಗೆ ಕಣ್ಣೀರೇಕೆ ಅನ್ನಬಹುದು. ಆ ತೋಳಿನ ಆಯುಷ್ಯ ಎಷ್ಟು ಅಂತ ಗೊತ್ತಾ? ಬ್ರಿಟನ್ 2021ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ, 2022ರಲ್ಲಿ ಮೂರೇ ಪಂದ್ಯ ಆಡಿದ, 2023ರಲ್ಲಿ ವಿದಾಯ ಹೇಳಿದ. ಲೆಕ್ಕದ ಪುಸ್ತಕದಲ್ಲಿ 154 ಸೇವ್ ಇದೆ. ಟೊರಾಂಟೊದ ಆ ರಾತ್ರಿ ಅವನನ್ನು ಕೂರಿಸಿ ತಂಡ ಕಳೆದುಕೊಂಡದ್ದು ಯಾವ ಕಾಲಂನಲ್ಲೂ ಇಲ್ಲ.

ಸೇವ್ ಲೆಕ್ಕ ಬೇಕಿದ್ದರೆ ಪುಸ್ತಕದಲ್ಲಿರಲಿ. ಯಾರನ್ನು ಯಾವಾಗ ಕಳಿಸಬೇಕು, ಯಾರಿಗೆ ಎಷ್ಟು ಕೊಡಬೇಕು ಅನ್ನೋದನ್ನು ಮಾತ್ರ ಅದರ ಕೈಗೆ ಕೊಡಬೇಡಿ.