ಮೂಲಪ್ರತಿಯ ಮೇಲೆಯೇ ತಿದ್ದುವವರು: ಕೆಟ್ಟ ಎಸ್‌ಎಸ್‌ಡಿಯ ಉಪಚಾರದ ಕುರಿತು

ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಎರಡು ವರ್ಷ ಮಲೆನಾಡಿನ ಮನೆಮನೆಗಳನ್ನು ಅಲೆದು ತೆಗೆದಿದ್ದ ಓಲೆಗರಿ ಹಾಗೂ ಕಾಗದದ ಹಸ್ತಪ್ರತಿಗಳ ಸುಮಾರು 6,000 ಛಾಯಾಚಿತ್ರಗಳು ಒಂದೇ ಸಂಜೆಯಲ್ಲಿ ಇಲ್ಲವಾದವು. ಅವು ಇದ್ದುದು ಅವರ ಲ್ಯಾಪ್‌ಟಾಪಿನೊಳಗಿನ ಎಸ್‌ಎಸ್‌ಡಿಯಲ್ಲಿ. ಕೇಳಿದವರೆಲ್ಲ ‘ಡ್ರೈವ್ ಕೆಟ್ಟುಹೋಯಿತಂತೆ’ ಎಂದು ಮರುಗಿ ಸುಮ್ಮನಾದರು. ಡ್ರೈವ್ ಕೆಟ್ಟದ್ದು ನಿಜ. ಆದರೆ ಚಿತ್ರಗಳು ಹೋದದ್ದು ಅದು ಕೆಟ್ಟದ್ದರಿಂದಲ್ಲ, ಅದನ್ನು ‘ಸರಿಪಡಿಸಿದ್ದರಿಂದ’. ಈ ವ್ಯತ್ಯಾಸವನ್ನು ಗಮನಿಸದ ಅನುಕಂಪದಿಂದ ಯಾರಿಗೂ ಉಪಯೋಗವಿಲ್ಲ.

ನಡೆದದ್ದು ಇಷ್ಟು. ಕೆಲಸದ ನಡುವೆ ವಿದ್ಯುತ್ ಹೋಯಿತು. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು. ಮತ್ತೆ ಚಾಲೂ ಮಾಡಿದಾಗ ವಿಂಡೋಸ್ ಬರಲಿಲ್ಲ. ಅಂಗಡಿಯವರು ಡ್ರೈವನ್ನು ಬಿಚ್ಚಿ ತಮ್ಮ ಗಣಕಕ್ಕೆ ಜೋಡಿಸಿದರು. ಅದರ ಹೆಸರು ಕಂಡಿತು, ಗಾತ್ರವೂ ಸರಿಯಾಗಿ ಕಂಡಿತು; ಒಳಗಿನ ಕಡತವ್ಯವಸ್ಥೆ ಮಾತ್ರ ಓದಲಾಗಲಿಲ್ಲ. ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕೆಂದು ಯಂತ್ರ ಕೇಳಿತು. ‘ಮಾಡಿಬಿಡೋಣ, ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿದರೆ ಎಲ್ಲವೂ ಬರುತ್ತದೆ’ ಎಂದರು. ಮಾಡಿದರು. ರಾತ್ರಿಯಿಡೀ ಓಡಿದ ಸಾಫ್ಟ್‌ವೇರಿಗೆ ಸಿಕ್ಕಿದ್ದು ಬರೀ ಸೊನ್ನೆಗಳು.

ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿನ ಕಾಲದಲ್ಲಿ ಆ ಮಾತು ಬಹುಮಟ್ಟಿಗೆ ನಿಜವೇ ಆಗಿತ್ತು. ಅಲ್ಲಿ ಕ್ವಿಕ್ ಫಾರ್ಮ್ಯಾಟ್ ಎಂದರೆ ಪುಸ್ತಕದ ಪರಿವಿಡಿಯನ್ನು ಹರಿದಂತೆ, ಪುಟಗಳು ಉಳಿದಿರುತ್ತಿದ್ದವು. ಎಸ್‌ಎಸ್‌ಡಿಯ ಒಳಗಿನ ಲೋಕ ಬೇರೆ. ಅದರ ಫ್ಲ್ಯಾಶ್ ಕೋಶಗಳಲ್ಲಿ ಮಾಹಿತಿಯು ವಿದ್ಯುದಾವೇಶದ ರೂಪದಲ್ಲಿ ನಿಲ್ಲುತ್ತದೆ. ಬರೆಯುವುದು ಪುಟ ಪುಟವಾಗಿ, ಅಳಿಸುವುದು ಮಾತ್ರ ನೂರಾರು ಪುಟಗಳ ಕಟ್ಟು ಕಟ್ಟಾಗಿ. ಆದ್ದರಿಂದ ಯಾವ ಪುಟಗಳು ಇನ್ನು ಬೇಡವೆಂಬುದನ್ನು ಆಪರೇಟಿಂಗ್ ಸಿಸ್ಟಂ ಡ್ರೈವಿಗೆ ಮೊದಲೇ ತಿಳಿಸಿದರೆ ಅನುಕೂಲ. ಆ ಆದೇಶದ ಹೆಸರು ಟ್ರಿಮ್. 2009ರ ವಿಂಡೋಸ್ 7ರಿಂದಲೇ ಅದು ಬಳಕೆಯಲ್ಲಿದೆ. ಫಾರ್ಮ್ಯಾಟ್ ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಇಡೀ ವಿಭಾಗಕ್ಕೆ ಆ ಆದೇಶ ಹೋಗುತ್ತದೆ. ಆಮೇಲೆ ಆ ಜಾಗವನ್ನು ಓದಹೊರಟವರಿಗೆ ಬಹುತೇಕ ಡ್ರೈವುಗಳು ಸೊನ್ನೆಯನ್ನೇ ಕೊಡುತ್ತವೆ, ವಿದ್ಯುತ್ ಇರುವವರೆಗೆ ಒಳಗೊಳಗೇ ಕಟ್ಟುಗಳನ್ನು ಒರೆಸುತ್ತಲೂ ಇರುತ್ತವೆ. ಪರಿವಿಡಿಯ ಜೊತೆಗೆ ಪುಟಗಳನ್ನೂ ಒಲೆಗೆ ಹಾಕಿದಂತೆ. ಇಷ್ಟು ತಿಳಿಯದ ಅಂಗಡಿಯವರ ಮೇಲೆ ನನಗೆ ಸಿಟ್ಟಿದೆ. ಆದರೆ ಅವರು ಹಸ್ತಪ್ರತಿಶಾಸ್ತ್ರ ಓದಿದವರಲ್ಲ. ನಾವು ಓದಿದವರು, ಮತ್ತು ನನ್ನ ಜಗಳವಿರುವುದು ನಮ್ಮೊಂದಿಗೇ.

ಡಿ.ಎಲ್. ನರಸಿಂಹಾಚಾರ್ಯರು ಗ್ರಂಥಸಂಪಾದನೆಯ ಬಗ್ಗೆ ಬರೆದುದನ್ನು ಎಂ.ಎ. ತರಗತಿಯಲ್ಲಿ ಪಾಠ ಹೇಳುವ ನಾವು ವಿದ್ಯಾರ್ಥಿಗಳಿಗೆ ಮೊದಲು ಕಲಿಸುವುದೇನು? ಮೂಲಪ್ರತಿಯ ಮೇಲೆ ಲೇಖನಿ ಇಡಕೂಡದು. ಮೊದಲು ಇದ್ದುದನ್ನು ಇದ್ದಂತೆ ಪ್ರತಿಮಾಡಿಕೊಳ್ಳಬೇಕು. ಓದಲಾಗದ ಕಡೆ ಲುಪ್ತವೆಂದು ಗುರುತಿಸಿ ಮುಂದೆ ಸಾಗಬೇಕು. ತಿದ್ದುಪಡಿ, ಊಹೆ, ಪಾಠನಿರ್ಣಯಗಳೆಲ್ಲ ಪ್ರತಿಯ ಮೇಲೆಯೇ ನಡೆಯಬೇಕು. ಕೆಟ್ಟ ಡ್ರೈವಿನ ಉಪಚಾರದ ಶಾಸ್ತ್ರವೂ ಅಕ್ಷರಶಃ ಇದೇ. ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಬಹುದಾದ ಭಾಗಗಳನ್ನೆಲ್ಲ ಇನ್ನೊಂದು ಡ್ರೈವಿಗೆ ಇಳಿಸಿಕೊಳ್ಳುತ್ತದೆ, ತೊಡಕಿನ ಜಾಗಗಳನ್ನು ಒಂದು ನಕ್ಷೆಯ ಕಡತದಲ್ಲಿ ಗುರುತುಹಾಕಿ ಬಿಟ್ಟು ಮುಂದೆ ಹೋಗುತ್ತದೆ, ಕೊನೆಗೆ ಅವುಗಳಿಗೆ ಮರಳುತ್ತದೆ. ನುರಿತ ಸಂಪಾದಕನೊಬ್ಬ ಶಿಥಿಲವಾದ ಓಲೆಕಟ್ಟನ್ನು ಬಿಡಿಸುವ ಕ್ರಮವೂ ಇದೇ ಅಲ್ಲವೇ? ಹೀಗೆ ಪ್ರತಿ ಸಿದ್ಧವಾದ ಮೇಲೆ ಟೆಸ್ಟ್‌ಡಿಸ್ಕ್, ಫೋಟೋರೆಕ್ ಮೊದಲಾದ ಉಪಕರಣಗಳನ್ನು ಆ ಪ್ರತಿಯ ಮೇಲೆ ಎಷ್ಟು ಸಲ ಬೇಕಾದರೂ ಓಡಿಸಬಹುದು. ಇದಕ್ಕೆ ತದ್ವಿರುದ್ಧವಾದದ್ದು ಎಲ್ಲರೂ ಸಲೀಸಾಗಿ ಸೂಚಿಸುವ ಚೆಕ್‌ಡಿಸ್ಕ್. ಸರಿಪಡಿಸಲು ಹೇಳಿ ಅದನ್ನು ಓಡಿಸಿದರೆ, ತನಗೆ ಅರ್ಥವಾಗದ ನಮೂದುಗಳನ್ನು ಅದು ಮೂಲದಲ್ಲಿಯೇ ಕಿತ್ತು ಅಥವಾ ಬೇರೆಡೆಗೆ ಸರಿಸಿ ‘ಸರಿಯಾಯಿತು’ ಎನ್ನುತ್ತದೆ. ಅರ್ಥವಾಗದ ಪಾಠವನ್ನು ಅಳಿಸಿ ತನಗೆ ತೋಚಿದ್ದನ್ನು ಬರೆದ ಲಿಪಿಕಾರನನ್ನು ನಾವು ತರಗತಿಯಲ್ಲಿ ಒಂದು ಗಂಟೆ ಬೈಯುತ್ತೇವೆ.

ಪ್ರತಿಮಾಡುವುದಕ್ಕೂ ಮೊದಲು ನೋಡಬೇಕಾದವು ಸಣ್ಣವು, ಮತ್ತು ಅವುಗಳಲ್ಲೇ ಅರ್ಧ ತೊಂದರೆ ಮುಗಿಯುವುದುಂಟು. ಕೇಬಲ್ ಬದಲಿಸಿ ನೋಡುವುದು. ಹೊರಗಿನ ಡ್ರೈವಾದರೆ ಯುಎಸ್‌ಬಿ ಹಬ್ ಬಿಟ್ಟು ನೇರವಾಗಿ ಗಣಕಕ್ಕೆ ಜೋಡಿಸುವುದು, ಏಕೆಂದರೆ ಕೆಟ್ಟಿರುವುದು ಡ್ರೈವಲ್ಲದೆ ಅದರ ಕವಚದ ಸೇತುಫಲಕವಾಗಿರಬಹುದು. ಬಯೋಸ್‌ನಲ್ಲಿ ಅದರ ಹೆಸರು ಮತ್ತು ಗಾತ್ರ ಸರಿಯಾಗಿ ಕಾಣುತ್ತದೆಯೇ ಎಂದು ಪರೀಕ್ಷಿಸುವುದು. ‘ಇನಿಶಿಯಲೈಸ್’ ಮಾಡಲೇ ಎಂದು ಕೇಳಿದರೆ ಬೇಡವೆನ್ನುವುದು. ಥಟ್ಟನೆ ವಿದ್ಯುತ್ ಹೋಗಿ ಕಾಣದಾದ ಕೆಲವು ಸಾಟಾ ಡ್ರೈವುಗಳು, ದತ್ತಾಂಶದ ಕೇಬಲ್ ತೆಗೆದು ವಿದ್ಯುತ್ತನ್ನಷ್ಟೇ ಅರ್ಧ ಗಂಟೆ ಕೊಟ್ಟರೆ ತಮ್ಮ ಒಳನಕ್ಷೆಯನ್ನು ತಾವೇ ಮತ್ತೆ ಕಟ್ಟಿಕೊಂಡು ಮರಳುತ್ತವೆ. ಫ್ರಿಜ್ಜಿನಲ್ಲಿಡುವುದು ಹಳೆಯ ಹಾರ್ಡ್ ಡಿಸ್ಕಿನ ಕಾಲದ ಮೂಢನಂಬಿಕೆ. ಇಲ್ಲಿ ಅದಕ್ಕೆ ಆಧಾರವೇ ಇಲ್ಲ. ಕೈತಪ್ಪಿ ಫಾರ್ಮ್ಯಾಟ್ ಆಗಿಯೇ ಹೋದರೆ ಮಾಡಬಹುದಾದದ್ದು ಒಂದೇ: ಆ ಕೂಡಲೇ ವಿದ್ಯುತ್ ತೆಗೆದು, ಮತ್ತೆ ಜೋಡಿಸದೆ ಪರಿಣತರ ಪ್ರಯೋಗಾಲಯಕ್ಕೆ ಒಯ್ಯುವುದು. ಅಲ್ಲಿಯೂ ಭರವಸೆ ಕಡಿಮೆ.

‘ಚಲಿಸುವ ಭಾಗಗಳಿಲ್ಲ, ಆದ್ದರಿಂದ ಕೆಡುವುದಿಲ್ಲ’ ಎಂಬ ಜಾಹೀರಾತಿನ ತರ್ಕವನ್ನು ವಿದ್ವಾಂಸರೂ ಒಪ್ಪಿಕೊಂಡಂತಿದೆ. ಜೆಡೆಕ್ ಸಂಸ್ಥೆಯ ಮಾನದಂಡವು ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಯಿಂದ ಬೇಡುವುದೇನೆಂದರೆ, ನಿಗದಿತ ಬರವಣಿಗೆಯ ಆಯುಸ್ಸು ತೀರಿದ ಮೇಲೆ ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಳ್ಳುವುದು. ಹೊಸ ಡ್ರೈವು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ನಿಜ. ಆದರೂ ಉಷ್ಣತೆ ಏರಿದಂತೆ ಆವೇಶ ಬೇಗ ಸೋರುತ್ತದೆ. ಪ್ರಬಂಧ ಮುಗಿಸಿ ಡ್ರೈವನ್ನು ಕಪಾಟಿನಲ್ಲಿಟ್ಟು ಹತ್ತು ವರ್ಷ ಮರೆಯುವ ನಮ್ಮ ಪದ್ಧತಿಗೆ ಅದು ಹೇಳಿ ಮಾಡಿಸಿದ ವಸ್ತುವಲ್ಲ. ಎರಡು ಡ್ರೈವ್ ಇಟ್ಟರೆ ಸಾಕೆನ್ನುವವರಿಗೆ 2019ರ ಒಂದು ಪ್ರಸಂಗ ನೆನಪಿಸಬೇಕು. ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕಂಪನಿಯು ತನ್ನ ಕೆಲವು ಎಸ್‌ಎಸ್‌ಡಿಗಳು ಫರ್ಮ್‌ವೇರ್ ದೋಷದಿಂದ ಸರಿಯಾಗಿ 32,768 ಗಂಟೆ, ಎಂದರೆ 3 ವರ್ಷ 270 ದಿನ 8 ಗಂಟೆ ನಡೆದೊಡನೆ ಸತ್ತುಹೋಗುತ್ತವೆ, ಸತ್ತ ಮೇಲೆ ಡ್ರೈವಾಗಲಿ ಮಾಹಿತಿಯಾಗಲಿ ಮರಳಿ ಸಿಗದು ಎಂದು ಪ್ರಕಟಿಸಿತು. ಒಂದೇ ದಿನ ಕೊಂಡು ಒಂದೇ ದಿನ ಚಾಲೂ ಮಾಡಿದ ಅಂಥ ಎರಡು ಡ್ರೈವುಗಳು ಒಂದೇ ಗಳಿಗೆಯಲ್ಲಿ ಸಾಯುತ್ತವೆ. ಒಂದೇ ಮಾತೃಕೆಯಿಂದ ಹುಟ್ಟಿದ ಎರಡು ಪ್ರತಿಗಳನ್ನು ಎರಡು ಸಾಕ್ಷಿಗಳೆಂದು ಎಣಿಸಬಾರದೆಂದು ನಾವೇ ಪಾಠ ಹೇಳುತ್ತೇವೆ.

ಈ ಮಾತನ್ನು ಸಹೋದ್ಯೋಗಿಗಳ ಮುಂದೆ ಇಟ್ಟಾಗ ಬಂದ ಉತ್ತರ: ‘ನೋಡಿ, ಓಲೆಗರಿಯೇ ಮೇಲು, ಎಂಟುನೂರು ವರ್ಷ ಬಾಳಿದೆ.’ ಇದು ಇನ್ನೂ ಅಪಾಯಕಾರಿಯಾದ ಸೋಮಾರಿತನ. ಬಾಳಿದ್ದನ್ನು ಮಾತ್ರ ನಾವು ಕಾಣುತ್ತೇವೆ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳು ಎಲ್ಲಿವೆ? ನಂತರದವರು ಉದ್ಧರಿಸಿದ ಬಿಡಿ ಪದ್ಯಗಳಷ್ಟೇ ನಮಗೆ ದಕ್ಕಿವೆ. ಪೊನ್ನನ ‘ಭುವನೈಕರಾಮಾಭ್ಯುದಯ’ ಹೋಯಿತು, ‘ಶಾಂತಿಪುರಾಣ’ ಉಳಿಯಿತು. ಆ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ದಾನಚಿಂತಾಮಣಿಯೆಂದು ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಹೊಗಳುವ ನಾವು, ಆಕೆ ಮಾಡಿದ್ದೇನೆಂಬುದನ್ನು ಮಾತ್ರ ಅರ್ಥಮಾಡಿಕೊಂಡಿಲ್ಲ. ಓಲೆಯ ಗಟ್ಟಿತನವನ್ನು ಆಕೆ ನಂಬಿ ಕೂರಲಿಲ್ಲ.

ತಯಾರಕರೂ ಪಾರಾಗುವಂತಿಲ್ಲ. ಈಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಸಂಗ್ರಹದ ಚಿಪ್ಪುಗಳನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಬೋರ್ಡು ಹೋದರೆ ಬಿಚ್ಚಿ ಇನ್ನೊಂದಕ್ಕೆ ಜೋಡಿಸುವಂತಿಲ್ಲ. ಬಳಕೆದಾರನಿಗೆ ತಿಳಿಯುವಂತೆ ಹೇಳದೆಯೇ ಗೂಢಲಿಪೀಕರಣ ಚಾಲೂ ಆಗಿರುತ್ತದೆ. ಕೀಲಿ ಎಲ್ಲಿದೆಯೆಂದು ಡ್ರೈವ್ ಸತ್ತ ದಿನ ಹುಡುಕತೊಡಗುತ್ತಾರೆ. ಸ್ಮಾರ್ಟ್ ಎಂಬ ಸ್ವಯಂಪರೀಕ್ಷಾ ವ್ಯವಸ್ಥೆಯ ಅಂಕೆಗಳನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ತಂತ್ರಾಂಶದಿಂದ ಯಾರೂ ಓದಬಹುದು, ತಿಂಗಳಿಗೊಮ್ಮೆ ಓದಲೂಬೇಕು. ಆದರೆ ನಿಯಂತ್ರಕ ಚಿಪ್ಪು ಕೈಕೊಡುವ ಹಿಂದಿನ ಗಳಿಗೆಯವರೆಗೂ ಅದು ‘ಉತ್ತಮ’ ಎಂದೇ ತೋರಿಸುತ್ತಿರಬಹುದು. ಹಾರ್ಡ್ ಡಿಸ್ಕಾದರೂ ಸಾಯುವ ಮುನ್ನ ಹಲವು ಸಲ ಕಿರಗುಟ್ಟಿ ಎಚ್ಚರಿಸುತ್ತಿತ್ತು.

ಆ ವಿದ್ಯಾರ್ಥಿನಿ ಮತ್ತೆ ಮಲೆನಾಡಿಗೆ ಹೋಗಿಬಂದರು. ಒಂದು ಮನೆಯ ಹಿರಿಯರು ಈ ನಡುವೆ ತೀರಿಕೊಂಡಿದ್ದರು, ಕಟ್ಟುಗಳು ಪಾಲಾಗಿದ್ದವು. ಒಂದು ಪಾಲು ಎಲ್ಲಿಗೆ ಹೋಯಿತೆಂದು ಮನೆಯವರಿಗೇ ಗೊತ್ತಿಲ್ಲ. ಆ ಪಾಲಿನ ಏಕೈಕ ಸಾಕ್ಷಿಯಾಗಿದ್ದವು ಆ ಛಾಯಾಚಿತ್ರಗಳು. ಒಂದೇ ಡ್ರೈವಿನಲ್ಲಿ ಅವಿದ್ದುವೆಂದು ಮಾರ್ಗದರ್ಶಕನಾದ ನನಗೆ ತಿಳಿದಿತ್ತು. ಎರಡು ವರ್ಷ ಅಧ್ಯಾಯಗಳ ಕರಡು ಕೇಳಿದ ನಾನು ಪ್ರತಿ ಎಲ್ಲಿದೆಯೆಂದು ಒಮ್ಮೆಯೂ ಕೇಳಲಿಲ್ಲ.

ಕ್ಷೇತ್ರಕಾರ್ಯದ ಸಾಮಗ್ರಿಯು ಭಿನ್ನ ಬಗೆಯ ಮೂರು ಕಡೆಗಳಲ್ಲಿ, ಅದರಲ್ಲೊಂದು ಬೇರೆ ಊರಿನಲ್ಲಿ, ಇರುವುದನ್ನು ಮಾರ್ಗದರ್ಶಕರು ಆರು ತಿಂಗಳಿಗೊಮ್ಮೆ ತೆರೆದು ನೋಡಿ ಸಹಿಮಾಡಬೇಕೆಂಬ ಪ್ರಸ್ತಾವವನ್ನು ನಮ್ಮ ವಿಭಾಗದ ಸಭೆಯಲ್ಲಿ ಇಟ್ಟಿದ್ದೆ. ಅದು ಗಣಕವಿಜ್ಞಾನ ವಿಭಾಗದ ವಿಷಯ, ಕನ್ನಡದ್ದಲ್ಲ ಎಂದು ಬದಿಗಿಟ್ಟರು. ಮುಂದಿನ ಸಭೆಯಲ್ಲಿ ಮತ್ತೆ ಇಡುತ್ತೇನೆ.